ಎಡೆದೊರೆ ನಾಡಿನ ಆದಿಕಾಲದ ಸಾಮಾಜಿಕ ಪರಿವರ್ತನೆಗಳು

ಎಡೆದೊರೆ ನಾಡಿನ ಆದಿಕಾಲದ ಸಾಮಾಜಿಕ ಪರಿವರ್ತನೆಗಳು ಎಂದರೆ, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಪ್ರದೇಶದಲ್ಲಿ ಕ್ರಿ.ಪೂ. ಸುಮಾರು 3000ದಿಂದ ಕ್ರಿ.ಶ. 4ನೆಯ ಶತಮಾನದವರೆಗೆ ಜನರ ಜೀವನೋಪಾಯ, ವಾಸದ ನೆಲೆ, ಶವಸಂಸ್ಕಾರ, ಅಂತಸ್ತು ಮತ್ತು ರಾಜ್ಯಾಧಿಕಾರದೊಡನೆ ಅವರಿಗಿದ್ದ ಸಂಬಂಧ ಇವುಗಳಲ್ಲಿ ಉಂಟಾದ ಮಾರ್ಪಾಟುಗಳು. ಇಂದು ರಾಯಚೂರು ದೋಆಬ್ ಎಂದು ಕರೆಯಲ್ಪಡುವ ಈ ಪ್ರದೇಶ ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಎಡೆದೊರೆ ಎಂಬ ಹೆಸರಿನಿಂದ ಉಕ್ತವಾಗಿದೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳೂ, ಹಿಂದೆ ಲಿಂಗಸುಗೂರಿಗೆ ಸೇರಿದ್ದು ಈಗ ಮಸ್ಕಿ ತಾಲ್ಲೂಕಿನಲ್ಲಿರುವ ಪಾಮನಕಲ್ಲೂರಿನ ಸುತ್ತಣ ಸೀಮೆಯೂ ಇದರ ನಡುಭಾಗ. ನಾಡಿನ ಎಲ್ಲೆಯಾಚೆಯ ಬಳ್ಳಾರಿ, ಸುರಪುರ, ಕರ್ನೂಲು ಕಡೆಯ ನೆಲೆಗಳು ಇದೇ ಸಂಸ್ಕೃತಿಗೆ ಸೇರಿದವಾದುದರಿಂದ ಅವುಗಳ ಸಾಕ್ಷ್ಯವನ್ನೂ ಈ ಲೇಖನದಲ್ಲಿ ಬಳಸಿಕೊಳ್ಳಲಾಗಿದೆ.

ನೆಲ ಮತ್ತು ನಿಸರ್ಗ

ಈ ನಾಡಿನ ಸಮಾಜಚರಿತ್ರೆಯನ್ನು ಅರಿಯಬಯಸುವ ವಿದ್ಯಾರ್ಥಿ ಮೊದಲು ಇದರ ನೆಲವನ್ನು ಅರಿಯಬೇಕು. ಗುಂಡುಗಳ ಮೇಲೆ ಗುಂಡುಗಳನ್ನು ಪೇರಿಸಿದಂತಿರುವ ಕಣಶಿಲೆಯ ಗುಡ್ಡಗಳು, ಅವುಗಳ ಬುಡದಲ್ಲಿ ಹಗುರವಾದ ಮಸಾರಿ ಭೂಮಿ, ಅಲ್ಲಿಂದ ಹಳ್ಳಗಳ ಕಡೆಗೆ ಇಳಿದಂತೆಲ್ಲ ಆಳವಾಗುತ್ತ ಹೋಗುವ ಕಪ್ಪು ಎರೆಭೂಮಿ, ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಚಿನ್ನದ ಅದಿರಿನ ಶಿಲಾಪಟ್ಟಿ, ಇಷ್ಟು ಇದರ ಸ್ಥೂಲ ರಚನೆ. ಮಳೆ ಅಲ್ಪ ಮಾತ್ರವಲ್ಲದೆ ಅನಿಶ್ಚಿತ. ಗುಡ್ಡದ ಮೇಲೆ ಬಂಡೆಯ ಕುಳಿಗಳಲ್ಲಿ ನೀರು ನಿಲ್ಲುವುದು. ತಪ್ಪಲಿನ ಮಸಾರಿ ಸಣ್ಣ ಉಪಕರಣಕ್ಕೂ ಒಗ್ಗುವುದು. ಎರೆಯಾದರೋ ಬೇಸಿಗೆಯಲ್ಲಿ ಆಳವಾಗಿ ಬಿರಿದು, ಮಳೆಗಾಲದಲ್ಲಿ ಕಾಲಿಡಲಾಗದಷ್ಟು ಜಿಗುಟಾಗಿ, ಗಟ್ಟಿಯಾದ ನೇಗಿಲು ಮತ್ತು ಬಲವಾದ ಎತ್ತುಗಳಿಲ್ಲದವನಿಗೆ ಸಾಗುವಳಿಗೆ ದಕ್ಕದು. ಜನವಸತಿ ಗುಡ್ಡದಿಂದ ತಪ್ಪಲಿಗೂ ತಪ್ಪಲಿನಿಂದ ಬಯಲಿಗೂ ಸಾವಿರಾರು ವರ್ಷಗಳಲ್ಲಿ ಕ್ರಮವಾಗಿ ಇಳಿದುಬಂದುದಕ್ಕೆ ಈ ಭೇದವೇ ಮುಖ್ಯ ಕಾರಣ.

ಆಧಾರಗಳು

ಆರಂಭದ ಎರಡೂವರೆ ಸಾವಿರ ವರ್ಷಗಳಿಗೆ ಲಿಖಿತ ಆಧಾರ ಯಾವುದೂ ಇಲ್ಲ; ಭೂಶೋಧನೆಯಿಂದ ದೊರೆತ ವಸ್ತುಗಳೇ ಸರ್ವಸ್ವ. ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಮಸ್ಕಿ ಹಾಗೂ ಬಳ್ಳಾರಿ ಪ್ರದೇಶಗಳಲ್ಲಿ ನಯಗೊಳಿಸಿದ ಕಲ್ಗೊಡಲಿಗಳನ್ನು ಸಂಗ್ರಹಿಸಿದನು. ಅದಕ್ಕೂ ಮುನ್ನ, 1850ರ ಸುಮಾರಿನಲ್ಲಿ, ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಬೃಹತ್ ಶಿಲಾಸಮಾಧಿಗಳನ್ನು ಅಗೆಯಿಸಿ ವಿವರಗಳನ್ನು ಪ್ರಕಟಿಸಿದ್ದನು. ಮಸ್ಕಿಯಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆ 1930ರ ದಶಕದಲ್ಲಿಯೂ, ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಪರವಾಗಿ ಬಿ. ಕೆ. ಥಾಪರ್ 1954ರಲ್ಲಿಯೂ ಉತ್ಖನನ ನಡೆಸಿದರು. ಥಾಪರ್ ಅಲ್ಲಿನ ನಿಕ್ಷೇಪಗಳನ್ನು ನವಶಿಲಾ-ತಾಮ್ರಯುಗ, ಬೃಹತ್ ಶಿಲಾಯುಗ, ಆದ್ಯೈತಿಹಾಸಿಕ ಕಾಲ, ಮಧ್ಯಯುಗ ಎಂದು ನಾಲ್ಕು ಸ್ತರಗಳಾಗಿ ವಿಂಗಡಿಸಿದ ಕ್ರಮ ಈ ನಾಡಿನ ಕಾಲಗಣನೆಗೆ ಇಂದಿಗೂ ಆಧಾರಭೂತವಾಗಿದೆ. ಮುದಗಲ್ಲಿನ ಬಳಿಯ ಪಿಕ್ಲಿಹಾಳ, ಪಾಲಮೂರು ಕಡೆಯ ಉಟ್ನೂರು ಇವು ಎಫ್. ಆರ್. ಆಲ್ಚಿನ್ನನ ಶೋಧನೆಗಳು; ರಾಯಚೂರು ಜಿಲ್ಲೆಯ ವಟಗಲ್ಲಿನಲ್ಲಿ 1990ರ ದಶಕದ ಆದಿಭಾಗದಲ್ಲಿಯೂ, ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರ ನೇತೃತ್ವದಲ್ಲಿಯೂ ನಡೆದ ಉತ್ಖನನಗಳು ಇವುಗಳ ನಂತರದವು.

ಗೋಪಾಲಕ ಸಮಾಜ

ಈ ನಾಡಿನ ಮೊದಲ ಸ್ಥಿರವಾದ ಸಮಾಜ ದನಗಾಹಿಗಳದು. ಕ್ರಿ.ಪೂ. ಮೂರನೆಯ ಸಹಸ್ರಮಾನದ ಆದಿಭಾಗದಲ್ಲಿಯೇ ಇವರು ಹಿಣಿಲುಳ್ಳ ದೇಶೀಯ ಗೋವುಗಳ ದೊಡ್ಡ ಮಂದೆಗಳನ್ನೂ, ಕುರಿ ಆಡುಗಳನ್ನೂ ಸಾಕಿಕೊಂಡು, ಗುಡ್ಡಗಳ ಮೇಲೆ ಮತ್ತು ತಪ್ಪಲುಗಳಲ್ಲಿ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗುಂಡಾದ ಗುಡಿಸಲುಗಳನ್ನು ಕಟ್ಟಿಕೊಂಡು ಬಾಳುತ್ತಿದ್ದರು. ಕರಿಗಲ್ಲಿನ ಕೊಡಲಿ, ಸಣ್ಣ ಅಲಗುಗಳ ಕಲ್ಲುಪಕರಣ, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆ, ಬೀಸುವ ಕಲ್ಲು ಇವರ ಮುಖ್ಯ ಸಾಮಗ್ರಿಗಳು. ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಚಿತ್ರಗಳಲ್ಲಿ ಉದ್ದಗೊಂಬಿನ ಎತ್ತಿಗೆ ದೊರೆತಿರುವಷ್ಟು ಸ್ಥಾನ ಮನುಷ್ಯನಿಗೂ ದೊರೆತಿಲ್ಲ.

ಈ ಸಮಾಜದ ಅತ್ಯಂತ ವಿಶಿಷ್ಟವಾದ ಅವಶೇಷ ಬೂದಿದಿಬ್ಬ. ಸಗಣಿಯ ರಾಶಿಗಳನ್ನು ಮತ್ತೆ ಮತ್ತೆ ಸುಟ್ಟುದರಿಂದ ಉಂಟಾದ, ಕೆಲವೆಡೆ ಕರಗಿ ಗಾಜಿನಂತೆ ಗಟ್ಟಿಗೊಂಡ ಬೂದಿಯ ಗುಪ್ಪೆಗೆ ಈ ಹೆಸರು. ರಾಯಚೂರು, ಬಳ್ಳಾರಿ, ಕರ್ನೂಲು, ಅನಂತಪುರ ಕಡೆಗಳಲ್ಲಿ ಇಂಥವು ನೂರಕ್ಕೂ ಮಿಕ್ಕಿ ಗುರುತಾಗಿವೆ. ಜನರು ಇವನ್ನು ರಾಕ್ಷಸರ ದಹನಸ್ಥಾನಗಳೆಂದು ನಂಬುತ್ತಿದ್ದರು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವಂತೂ ವಾಲಿಯನ್ನು ಸುಟ್ಟ ಸ್ಥಳವೆಂದು ಪ್ರಸಿದ್ಧವಾಗಿದೆ. ವಿದ್ವಾಂಸರ ಊಹೆಗಳೂ ಮೊದಮೊದಲು ಇದಕ್ಕಿಂತ ಬಹಳ ದೂರವೇನೂ ಇರಲಿಲ್ಲ: ಜ್ವಾಲಾಮುಖಿಯ ಉಗುಳು, ಲೋಹ ಕರಗಿಸಿದ ಕಿಟ್ಟ, ಸಾಮೂಹಿಕ ಚಿತೆ ಎಂಬ ವಾದಗಳೆಲ್ಲ ಬಂದುಹೋದುವು. ಇದು ಸಗಣಿಯ ಬೂದಿಯೆಂದು ಫೂಟ್ ಸೂಚಿಸಿದ್ದುದನ್ನು 1960ರ ಸುಮಾರಿನಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಪ್ರಯೋಗಶಾಲೆಯ ಪರೀಕ್ಷೆಯಿಂದ ದೃಢಪಡಿಸಿದನು. ಆಲ್ಚಿನ್ ಉಟ್ನೂರಿನಲ್ಲಿ 1957ರಲ್ಲಿ ಅಗೆದಾಗ, ತಾಳೆಯ ಕಾಂಡಗಳನ್ನು ನೆಟ್ಟು ಮಾಡಿದ ದೊಡ್ಡಿಯ ಬೇಲಿಯ ಗುಳಿಗಳೂ, ಒಳಗಿನ ನೆಲದಲ್ಲಿ ಅಚ್ಚೊತ್ತಿದ ದನಗಳ ಗೊರಸಿನ ಗುರುತುಗಳೂ ಬೆಳಕಿಗೆ ಬಂದು, ದಿಬ್ಬಕ್ಕೂ ದೊಡ್ಡಿಗೂ ಇರುವ ಸಂಬಂಧ ಸಂದೇಹಾತೀತವಾಯಿತು.

ಆದರೆ ಸುಟ್ಟುದೇಕೆ ಎಂಬುದು ಇಂದಿಗೂ ವಿವಾದಗ್ರಸ್ತ. ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿಯನ್ನು ನೆನಪಿಗೆ ತರುವಂತಹ ಋತುಪರ್ವದ ಆಚರಣೆ ಇದೆಂದು ಆಲ್ಚಿನ್ ಭಾವಿಸಿದನು. ಬೂದಿಹಾಳದಲ್ಲಿ ದಿಬ್ಬದ ಮಗ್ಗುಲಲ್ಲಿಯೇ ಮನೆಗಳು, ಮಕ್ಕಳ ಸಮಾಧಿಗಳು, ದನ ಕಡಿದು ಮಾಂಸ ಹಂಚುತ್ತಿದ್ದ ಒಂದು ವಿಶಾಲವಾದ ನೆಲಗಟ್ಟು ಇವು ಕಂಡುಬಂದುದರಿಂದ, ಇವು ಬರಿಯ ಋತುಕಾಲದ ಬೀಡುಗಳಾಗಿರದೆ ನಿಂತ ಊರುಗಳೇ ಆಗಿದ್ದುವೆಂದು ಪದ್ದಯ್ಯ ವಾದಿಸಿದರು. ಪೀಳಿಗೆಗಳವರೆಗೆ ಒಂದೇ ಸ್ಥಳದಲ್ಲಿ ಬೂದಿಯನ್ನು ಪೇರಿಸಿ ಎತ್ತರಿಸಿದುದು ಒಂದು ಬಳಗ ತನ್ನ ಸ್ವಾಮ್ಯವನ್ನು ನೆಲದ ಮೇಲೆ ಕಣ್ಣಿಗೆ ಕಾಣುವಂತೆ ಸ್ಥಾಪಿಸಿದ ಬಗೆಯೆಂಬುದು ಇತ್ತೀಚಿನ ಅಭಿಪ್ರಾಯ. ಈ ಮೂರು ವಾದಗಳು ಒಂದನ್ನೊಂದು ಸಂಪೂರ್ಣವಾಗಿ ನಿರಾಕರಿಸಲೇಬೇಕಾದ ಅವಶ್ಯಕತೆ ಇಲ್ಲ. ಅಪಾರ ಗೊಬ್ಬರವನ್ನು ಹೊಲಕ್ಕೆ ಹಾಕದೆ ಸುಡುತ್ತಿದ್ದ ಸಮಾಜದಲ್ಲಿ ಬೇಸಾಯ ಇನ್ನೂ ಗೌಣವಾಗಿತ್ತೆಂಬುದು ಮಾತ್ರ ಸ್ಪಷ್ಟ.

ಅಂತಸ್ತಿನ ಭೇದ ಈ ಕಾಲದಲ್ಲಿ ಮಂದವಾಗಿ ತೋರುತ್ತದೆ. ಶಿಶುಗಳನ್ನು ಮಡಕೆಗಳಲ್ಲಿರಿಸಿ ಮನೆಯ ನೆಲದ ಕೆಳಗೆ ಹೂಳುತ್ತಿದ್ದರು. ಹಿರಿಯರನ್ನು ವಾಸದ ಸನಿಹದಲ್ಲಿಯೇ ಕೆಲವು ಪಾತ್ರೆಗಳೊಡನೆ ಮಲಗಿಸುತ್ತಿದ್ದರು. ಒಬ್ಬರ ಸಮಾಧಿ ಇನ್ನೊಬ್ಬರದಕ್ಕಿಂತ ಬಹುವಾಗಿ ವೈಭವಯುತವಾಗಿಲ್ಲ. ಮಂದೆಯ ಗಾತ್ರದಲ್ಲಿ ಹೆಚ್ಚುಕಡಮೆ ಇದ್ದಿರಬಹುದು, ಆದರೆ ಆ ಸಂಪತ್ತು ಸತ್ತವನೊಡನೆ ಮಣ್ಣಿಗಿಳಿಯುತ್ತಿರಲಿಲ್ಲ.

ಬೇಸಾಯದ ವೃದ್ಧಿ

ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಬೂದಿದಿಬ್ಬಗಳ ರಚನೆ ಕ್ಷೀಣಿಸಿ, ಗುಡ್ಡಗಳ ಮೇಲಿನ ಮತ್ತು ತಪ್ಪಲಿನ ಊರುಗಳು ಬೆಳೆದುವು. ಸುಟ್ಟು ಕರಿಕಾಗಿ ಉಳಿದ ಕಾಳುಗಳ ಪರೀಕ್ಷೆಯಿಂದ ಈ ಜನರ ಆಹಾರ ನಿಶ್ಚಿತವಾಗಿ ತಿಳಿದುಬಂದಿದೆ: ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಯ ಒಂದು ಕಿರುಧಾನ್ಯ ಇವು ಮೂಲಬೆಳೆಗಳು. ಇವು ದಕ್ಷಿಣ ಭಾರತದಲ್ಲಿಯೇ ಪಳಗಿಸಲ್ಪಟ್ಟಿರಬೇಕೆಂಬ ಅಭಿಪ್ರಾಯ ಈಗ ಪ್ರಬಲವಾಗಿದೆ. ಗೋದಿ ಮತ್ತು ಜವೆ ಉತ್ತರದಿಂದಲೂ, ಸಜ್ಜೆ ಮತ್ತು ಅವರೆಯಂತಹ ಬೆಳೆಗಳು ಮೂಲತಃ ಆಫ್ರಿಕಾ ಖಂಡದಿಂದಲೂ ಕಾಲಕ್ರಮದಲ್ಲಿ ಬಂದು ಸೇರಿದುವು. ಇಂದು ಉತ್ತರ ಕರ್ನಾಟಕದ ಊಟದ ಪ್ರಾಣವಾಗಿರುವ ಜೋಳವೂ ಹೊರಗಿನಿಂದ ಬಂದದ್ದೇ, ಅದೂ ತಡವಾಗಿ ಬಂದದ್ದೆಂಬ ಸಂಗತಿ ಈ ಸೀಮೆಯ ಓದುಗನಿಗೆ ಆಶ್ಚರ್ಯಕರವಾಗಿ ತೋರಬಹುದು.

ಬೇಸಾಯದೊಡನೆ ಕಸಬುಗಳ ವಿಭಜನೆ ತಲೆದೋರಿತು. ಬಳ್ಳಾರಿಯ ಸನಿಹದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡದಲ್ಲಿ ಕರಿಗಲ್ಲಿನ ದಿಂಡನ್ನು ಒಡೆದು, ಕೊಡಲಿಗಳನ್ನು ಕೆತ್ತಿ, ಬಂಡೆಯ ಮೇಲೆ ಉಜ್ಜಿ ನಯಗೊಳಿಸುತ್ತಿದ್ದ ಕಮ್ಮಟದ ಕುರುಹುಗಳು ವಿಪುಲವಾಗಿವೆ. ಅಲ್ಲಿ ತಯಾರಾದದ್ದು ಆ ಊರಿನ ಅಗತ್ಯಕ್ಕಿಂತ ಎಷ್ಟೋ ಅಧಿಕ. ಮಸ್ಕಿಯ ಮೊದಲ ಸ್ತರದಲ್ಲಿ ಅಕೀಕು, ಕೆಂಪು ಹರಳು, ಶಂಖ ಮೊದಲಾದವುಗಳ ಮಣಿಗಳು ದೊರೆತಿವೆ. ಇವುಗಳಲ್ಲಿ ಶಂಖ ಕಡಲತೀರದಿಂದ ಬಂದಿರಲೇಬೇಕು. ಬಳ್ಳಾರಿ ಕಡೆಯ ತೆಕ್ಕಲಕೋಟೆಯಲ್ಲಿ ಚಿನ್ನದ ಆಭರಣವೂ, ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ ಹಿಡಿಯ ತುದಿ ಇಬ್ಭಾಗವಾದ ತಾಮ್ರದ ಕತ್ತಿಗಳೂ ಸಿಕ್ಕಿವೆ. ಗಂಗಾ ಬಯಲಿನ ತಾಮ್ರನಿಧಿಗಳಲ್ಲಿ ದೊರೆಯುವ ಕತ್ತಿಗಳನ್ನು ಹೋಲುವ ಇವು ಇಷ್ಟು ದಕ್ಷಿಣದಲ್ಲಿ ದೊರೆತುದು ವಿದ್ವಾಂಸರ ಗಮನವನ್ನು ವಿಶೇಷವಾಗಿ ಸೆಳೆದಿದೆ.

ಕಬ್ಬಿಣ ಮತ್ತು ಬೃಹತ್ ಶಿಲಾಸಮಾಧಿಗಳು

ಕ್ರಿ.ಪೂ. 1000ದ ಆಸುಪಾಸಿನಲ್ಲಿ ಕಬ್ಬಿಣ ಬಳಕೆಗೆ ಬಂದಿತು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಿಂದ ಈ ಕಾಲ ನಿರ್ಣಯಕ್ಕೆ ಆಧಾರ ದೊರೆಯಿತು. ಕಬ್ಬಿಣದ ಕೊಡಲಿಯಿಂದ ಕುರುಚಲನ್ನು ಸವರುವುದೂ, ಕಬ್ಬಿಣದ ಕುಳದಿಂದ ಭಾರವಾದ ನೆಲವನ್ನು ಸೀಳುವುದೂ ಸಾಧ್ಯವಾಗಿ, ಬಯಲಿನ ಎರೆ ನಿಧಾನವಾಗಿ ಸಾಗುವಳಿಗೆ ತೆರೆಯಿತು. ಆದರೆ ಲೋಹ ಬಂದೊಡನೆ ಜೀವನ ತಲೆಕೆಳಗಾಯಿತೆಂದು ತಿಳಿಯಲಾಗದು. ಕಲ್ಗೊಡಲಿ ಮತ್ತು ಕಬ್ಬಿಣ ಬಹುಕಾಲ ಒಂದೇ ಮನೆಯಲ್ಲಿ ಬಳಕೆಯಲ್ಲಿದ್ದುವು.

ಸಮಾಜದ ಒಳರಚನೆಯಲ್ಲಿ ಆದ ಪಲ್ಲಟ ಸಮಾಧಿಗಳಲ್ಲಿ ಪ್ರತ್ಯಕ್ಷವಾಗುತ್ತದೆ. ಇವುಗಳ ಮುಖ್ಯ ಪ್ರಭೇದಗಳು ಮೂರು: ನೆಲದಲ್ಲಿ ಗುಳಿ ತೋಡಿ ಸುತ್ತ ಗುಂಡುಗಲ್ಲುಗಳನ್ನಿರಿಸಿದ ಶಿಲಾವೃತ್ತ, ಚಪ್ಪಡಿಗಳಿಂದ ಪೆಟ್ಟಿಗೆಯಂತೆ ಕಟ್ಟಿ ಒಂದು ಚಪ್ಪಡಿಯಲ್ಲಿ ದುಂಡು ಕಿಂಡಿ ಕೊರೆದ ಶಿಲಾಕೋಷ್ಠ, ನೆಲದ ಮೇಲೆಯೇ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಮುಚ್ಚಿದ ಕಲ್ಮನೆ. ಗಂಗಾವತಿಯ ಸನಿಹದ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಈ ಮೂರನೆಯ ಬಗೆಯವು ನೂರಾರು ಒಂದೆಡೆ ನೆರೆದಿವೆ. ಅವನ್ನು ಜನರು ಮೋರ್ಯರ ಮನೆಗಳೆನ್ನುತ್ತಾರೆ, ಗುಡ್ಡವೂ ಮೋರ್ಯರ ಗುಡ್ಡವೇ. ಮಸ್ಕಿಯಲ್ಲಿ ಗುಳಿಸಮಾಧಿಗಳು ಉತ್ಖನನದಿಂದ ಹೊರಬಿದ್ದಿವೆ. ಕಪ್ಪು-ಕೆಂಪು ಮಡಕೆ, ಈಟಿ, ಕತ್ತಿ, ಮಣಿಗಳು ಇವುಗಳಲ್ಲಿ ಸಾಮಾನ್ಯ.

ಹತ್ತಾರು ಜನರ ಹಲವು ದಿನಗಳ ದುಡಿಮೆಯಿಲ್ಲದೆ ಇಂತಹ ಚಪ್ಪಡಿಗಳನ್ನು ಸೀಳಿ ಸಾಗಿಸಿ ನಿಲ್ಲಿಸಲಾಗದು. ಎಲ್ಲ ಸತ್ತವರಿಗೂ ಈ ಗೌರವ ಸಲ್ಲುತ್ತಿರಲಿಲ್ಲವೆಂಬುದು ಊರುಗಳ ಗಾತ್ರಕ್ಕೂ ಸಮಾಧಿಗಳ ಸಂಖ್ಯೆಗೂ ಇರುವ ಅಂತರದಿಂದ ವ್ಯಕ್ತವಾಗುತ್ತದೆ. ಆದುದರಿಂದ, ಇತರರ ದುಡಿಮೆಯನ್ನು ತನ್ನ ಮೃತರಿಗಾಗಿ ಕರೆಯಬಲ್ಲ ಮನೆತನಗಳು ಈ ಕಾಲಕ್ಕೆ ಉದಿಸಿದ್ದುವೆಂದು ಹೇಳಬಹುದು. ಆಯುಧಗಳ ಪ್ರಾಚುರ್ಯ ಅಂಥವರ ಪ್ರತಿಷ್ಠೆಯ ಸ್ವರೂಪವನ್ನು ಸೂಚಿಸುತ್ತದೆ. ಬಂಡೆಯ ತಗ್ಗುಗಳಿಗೆ ಒಡ್ಡು ಹಾಕಿ ನೀರು ನಿಲ್ಲಿಸಿದ ಚಿಕ್ಕ ಜಲಾಶಯಗಳೂ ಈ ಯುಗಕ್ಕೆ ಸೇರಿದವು. ಅವನ್ನು ಬಳಸುವ ಹಕ್ಕು ಯಾರದೆಂಬ ಪ್ರಶ್ನೆ ಅವುಗಳೊಡನೆಯೇ ಹುಟ್ಟಿರಬೇಕು.

ಚಿನ್ನದ ಗಣಿಗಾರಿಕೆ

ಹಟ್ಟಿ, ವಂದಲಿ ಮೊದಲಾದೆಡೆಗಳಲ್ಲಿ ಪ್ರಾಚೀನರ ಗಣಿಗಳು ಹೇರಳವಾಗಿವೆ. ಬೆಂಕಿಯಿಂದ ಬಂಡೆಯನ್ನು ಕಾಯಿಸಿ ನೀರೆರೆದು ಬಿರಿಯಿಸಿ, ಅದಿರನ್ನು ಕಲ್ಲಿನ ಕುಳಿಗಳಲ್ಲಿ ಅರೆದು, ನೀರಿನಲ್ಲಿ ಜಾಲಿಸಿ ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಹಟ್ಟಿಯ ಹಳೆಯ ಗಣಿ ಸುಮಾರು 640 ಅಡಿ ಆಳಕ್ಕೆ ಇಳಿದಿತ್ತು. ಅದರೊಳಗೆ ಉಳಿದಿದ್ದ ಮರದ ಆಸರೆಯ ವಿಕಿರಣ ಇಂಗಾಲದ ಪರೀಕ್ಷೆ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಕಾಲವನ್ನು ಸೂಚಿಸಿದೆ. ಅಷ್ಟು ಆಳದಿಂದ ನೀರನ್ನು ಹೊರಹಾಕಿ, ಅದಿರನ್ನು ಮೇಲೆತ್ತಿ, ಉರುವಲನ್ನು ಪೂರೈಸಿ, ಒಳಗೆ ದುಡಿಯುವವರಿಗೆ ಅನ್ನ ಒದಗಿಸಬೇಕಾದರೆ ಸುತ್ತಣ ಊರುಗಳಲ್ಲಿ ಉಂಡು ಮಿಗುವಷ್ಟು ಧಾನ್ಯವಿರಬೇಕು, ಅದನ್ನು ಸಂಗ್ರಹಿಸುವ ಅಧಿಕಾರವೂ ಇರಬೇಕು. ಗಣಿಯೊಳಗೆ ಇಳಿದವರು ಯಾರು, ಕೂಲಿಯವರೋ ಬಲಾತ್ಕಾರಕ್ಕೆ ಒಳಗಾದವರೋ ಎಂಬುದನ್ನು ಯಾವ ಶಾಸನವೂ ತಿಳಿಸುವುದಿಲ್ಲ.

ಮೌರ್ಯರ ಆಳ್ವಿಕೆ ಮತ್ತು ಮಸ್ಕಿಯ ಶಾಸನ

ಕ್ರಿ.ಪೂ. 3ನೆಯ ಶತಮಾನದಲ್ಲಿ ಈ ನಾಡು ಮೌರ್ಯ ಸಾಮ್ರಾಜ್ಯದ ಅಂಗವಾಯಿತು. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ, ಆಂಧ್ರದ ಎರ್ರಗುಡಿ ಮತ್ತು ರಾಜುಲಮಂದಗಿರಿ, ಹೀಗೆ ಅಶೋಕನ ಲಘು ಶಿಲಾಶಾಸನಗಳು ಇಲ್ಲಿ ದಟ್ಟವಾಗಿ ನೆರೆದಿರುವುದಕ್ಕೆ ಚಿನ್ನವೇ ಕಾರಣವೆಂಬ ಅಭಿಪ್ರಾಯ ಬಹುಜನಸಮ್ಮತ. ಬ್ರಹ್ಮಗಿರಿಯ ಶಾಸನ ಸುವರ್ಣಗಿರಿಯಿಂದ ಆರ್ಯಪುತ್ರನೆಂಬ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯ ರೂಪದಲ್ಲಿದೆ. ದಕ್ಷಿಣ ಪ್ರಾಂತದ ರಾಜಧಾನಿಯಾದ ಆ ಸುವರ್ಣಗಿರಿ ಮಸ್ಕಿಯೆಂದು ಕೆಲವರೂ, ಕನಕಗಿರಿಯೆಂದು ಕೆಲವರೂ, ಎರ್ರಗುಡಿಯ ಸಮೀಪದ ಜೊನ್ನಗಿರಿಯೆಂದು ಮತ್ತೆ ಕೆಲವರೂ ಹೇಳುತ್ತಾರೆ. ನಿರ್ಣಾಯಕವಾದ ಪ್ರಮಾಣ ದೊರೆತಿಲ್ಲ.

ಮಸ್ಕಿಯ ಶಾಸನವನ್ನು ಚಿನ್ನದ ಶೋಧನೆಯಲ್ಲಿ ತೊಡಗಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ 1915ರ ಜನವರಿಯಲ್ಲಿ ಕಂಡುಹಿಡಿದನು, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಸಂಪಾದಿಸಿ ಪ್ರಕಟಿಸಿದರು. ಪ್ರಿನ್ಸೆಪ್ ಎಂಬ ವಿದ್ವಾಂಸನು 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದಂದಿನಿಂದ ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ತಿಳಿದಿದ್ದು, ಆ ದೊರೆ ಅಶೋಕನೆಂಬುದು ಸಿಂಹಳದ ಗ್ರಂಥಗಳ ಬಲದಿಂದ ಮಾಡಿದ ಅನುಮಾನವಾಗಿತ್ತು. ದೇವಾನಾಂಪ್ರಿಯ ಅಶೋಕ ಎಂದು ಹೆಸರನ್ನೇ ಕಾಣಿಸಿದ ಮೊದಲ ಶಾಸನ ಮಸ್ಕಿಯದು. ಮುಂದೆ ಮಧ್ಯಪ್ರದೇಶದ ಗುಜರ್ರಾ, ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತವೆ. ಸಮಾಜಚರಿತ್ರೆಯ ದೃಷ್ಟಿಯಿಂದ ಶಾಸನದ ಉಳಿದ ಭಾಗ ಇದಕ್ಕಿಂತಲೂ ಮಹತ್ತ್ವದ್ದು. ತಾನು ಬೌದ್ಧನಾಗಿ ಎರಡೂವರೆ ವರ್ಷಗಳಿಗೂ ಮಿಕ್ಕಿತೆಂದು ತಿಳಿಸಿದ ಮೇಲೆ ದೊರೆ, ಧರ್ಮದಲ್ಲಿ ತೊಡಗಿದರೆ ಅಲ್ಪನಾದವನೂ ಈ ಉನ್ನತ ಸ್ಥಿತಿಯನ್ನು ಪಡೆಯಬಲ್ಲನೆಂದೂ, ಅದು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದೆಂದೂ, ಇದನ್ನು ಅಲ್ಪರಿಗೂ ದೊಡ್ಡವರಿಗೂ ಹೇಳಬೇಕೆಂದೂ ಸಾರುತ್ತಾನೆ. ದೊಡ್ಡವರು ಮತ್ತು ಅಲ್ಪರೆಂಬ ವಿಭಾಗ ಈ ನೆಲದಲ್ಲಿ ಲಿಖಿತ ರೂಪದಲ್ಲಿ ಮೊತ್ತಮೊದಲು ಕಾಣುವುದು ಆ ವಿಭಾಗವನ್ನು ಧರ್ಮದ ವಿಷಯದಲ್ಲಿ ಲಘುವಾಗಿಸುವ ಈ ವಾಕ್ಯದಲ್ಲಿಯೇ.

ನಿಟ್ಟೂರು, ಉಡೇಗೋಳ, ಎರ್ರಗುಡಿಗಳಲ್ಲಿ ಕೆತ್ತಿಸಿದ ಅಶೋಕನ ಎರಡನೆಯ ಲಘು ಶಿಲಾಶಾಸನ ಇನ್ನಷ್ಟು ವಿವರಗಳನ್ನು ಕೊಡುತ್ತದೆ. ರಜ್ಜುಕನೆಂಬ ಅಧಿಕಾರಿ ಜನಪದದವರಿಗೆ ಆಜ್ಞೆಯನ್ನು ತಿಳಿಸಬೇಕು. ಆನೆಯ ಮಾವುತರು, ಲೆಕ್ಕ ಬರೆಯುವ ಕರಣಿಕರು, ಬಂಡಿ ಹೂಡುವುದನ್ನು ಕಲಿಸುವ ಆಚಾರ್ಯರು ಮತ್ತು ಬ್ರಾಹ್ಮಣರು ತಮ್ಮ ತಮ್ಮ ಶಿಷ್ಯರಿಗೆ ಹಳೆಯ ಸಂಪ್ರದಾಯದಂತೆ ನಡೆಯಲು ಬೋಧಿಸಬೇಕು. ತಾಯಿತಂದೆಗಳಿಗೂ ಗುರುಹಿರಿಯರಿಗೂ ವಿಧೇಯರಾಗಿರಬೇಕು. ಕಸಬಿನ ಗುಂಪುಗಳು, ಅವುಗಳೊಳಗೆ ಗುರುಶಿಷ್ಯ ಪರಂಪರೆ, ಅವೆಲ್ಲಕ್ಕೂ ಮೇಲೆ ಲಿಖಿತ ಆಜ್ಞೆಯನ್ನು ಸಾಗಿಸುವ ಅಧಿಕಾರಿವರ್ಗ, ಇವು ಈ ವೇಳೆಗೆ ಕಾಣಿಸಿಕೊಳ್ಳುತ್ತವೆ. ಶಾಸನದ ಭಾಷೆ ಪ್ರಾಕೃತ; ಸ್ಥಳೀಯರ ಮಾತು ಅದಾಗಿರಲಿಲ್ಲವಾದುದರಿಂದ ಓದಿ ಹೇಳುವವನೊಬ್ಬನ ಅವಶ್ಯಕತೆ ಇದ್ದೇ ಇತ್ತು. ಅಕ್ಷರವಿದ್ಯೆ ಹೀಗೆ ಬಂದ ಮೊದಲ ದಿನದಿಂದಲೇ ಒಂದು ಅಂತಸ್ತಾಯಿತು.

ಗೃಹಪತಿಗಳು, ಕೆರೆಗಳು, ದತ್ತಿಗಳು

ಮೌರ್ಯರ ನಂತರ ಶಾತವಾಹನರ ಕಾಲದಲ್ಲಿ ಬಯಲಿನ ಊರುಗಳು ನೆಲೆಗೊಂಡುವು. ಆದವಾನಿಯ ಸಮೀಪದ ಮ್ಯಾಕದೋನಿಯಲ್ಲಿರುವ, ಶಾತವಾಹನ ದೊರೆ ಪುಳುಮಾವಿಯ ಆಳ್ವಿಕೆಯ 8ನೆಯ ವರ್ಷದ ಶಾಸನ ಈ ಹಂತವನ್ನು ಸಂಕ್ಷೇಪವಾಗಿ ಚಿತ್ರಿಸುತ್ತದೆ. ಸಾತವಾಹನಿಹಾರವೆಂಬ ಜನಪದ ಮಹಾಸೇನಾಪತಿಯೊಬ್ಬನ ಅಧೀನದಲ್ಲಿದೆ. ಅದರೊಳಗಿನ ವೇಪುರಕವೆಂಬ ಊರು ಗುಮಿಕನೆಂಬ ದಂಡಿನ ಅಧಿಕಾರಿಗೆ ಸೇರಿದೆ. ಅಲ್ಲಿನ ನಿವಾಸಿಯಾದ ಗೃಹಪತಿಯೊಬ್ಬನು ಕೆರೆಯನ್ನು ಕಟ್ಟಿಸುತ್ತಾನೆ. ಆಡಳಿತ ಸೈನಿಕರ ಕೈಯಲ್ಲಿದ್ದರೂ ನೀರನ್ನು ನಿಲ್ಲಿಸುವ ಸಾಮರ್ಥ್ಯವುಳ್ಳ ಭೂಮಾಲಿಕ ಗೃಹಸ್ಥ ತಲೆಯೆತ್ತಿದ್ದನೆಂಬುದು ಇದರಿಂದ ಸಿದ್ಧಿಸುತ್ತದೆ. ಇದೇ ಕಾಲದಲ್ಲಿ ಭೀಮಾತೀರದ ಸನ್ನತಿ-ಕನಗನಹಳ್ಳಿಯ ಮಹಾಸ್ತೂಪವೂ ಬೆಳೆಯಿತು.

ಕಾಲಾಂತರದಲ್ಲಿ, ಪಲ್ಲವ ದೊರೆ ಶಿವಸ್ಕಂದವರ್ಮನ ಹಿರೇಹಡಗಲಿಯ ತಾಮ್ರಪಟ ಅದೇ ಪ್ರದೇಶವನ್ನು ಸಾತಾಹನಿ ರಾಷ್ಟ್ರವೆಂದು ಹೆಸರಿಸಿ, ಅಲ್ಲಿನ ತೋಟವೊಂದನ್ನು ಬ್ರಾಹ್ಮಣರಿಗೆ ದತ್ತಿಯಾಗಿ ಸ್ಥಿರಪಡಿಸುತ್ತದೆ. ಉಪ್ಪು-ಬೆಲ್ಲಗಳ ವಸೂಲಿಯೇ ಮೊದಲಾಗಿ ಅನೇಕ ಬಾಧೆಗಳಿಂದ ಅದಕ್ಕೆ ವಿನಾಯಿತಿ. ಆ ಭೂಮಿಯೊಡನೆ ಅರ್ಧಿಕರೂ ಕೋಲಿಕರೆಂಬ ದುಡಿಮೆಗಾರರೂ ಎಣಿಸಿ ದಾನವಾಗುತ್ತಾರೆ. ಅರ್ಧಿಕನೆಂದರೆ ಬೆಳೆಯ ಅರ್ಧಪಾಲಿಗೆ ದುಡಿಯುವ ಒಕ್ಕಲು. ದುಡಿಯುವವನು ನೆಲದೊಂದಿಗೆ ಕೈಬದಲಾಗುವ ಈ ದಾಖಲೆಯನ್ನೂ, ಹಂಚಿ ಉಣ್ಣುತ್ತಿದ್ದ ಬೂದಿಹಾಳದ ನೆಲಗಟ್ಟನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮೂರು ಸಹಸ್ರಮಾನಗಳ ಪರಿವರ್ತನೆಯ ಪ್ರಮಾಣ ತಿಳಿಯುವುದು.

ಪರಿವರ್ತನೆಯ ಸ್ವರೂಪ

ಒಂದು ಜನಾಂಗ ಬಂದು ಇನ್ನೊಂದನ್ನು ಓಡಿಸಿತು, ಒಂದು ಯುಗ ಮುಗಿದು ಇನ್ನೊಂದು ತೊಡಗಿತು ಎಂಬ ಹಳೆಯ ನಿರೂಪಣೆಗೆ ಈ ನಾಡಿನ ಸಾಕ್ಷ್ಯ ಅಷ್ಟಾಗಿ ಒಡಂಬಡುವುದಿಲ್ಲ. ದನದ ಮಂದೆಯ ಮೇಲೆ ಬೇಸಾಯ, ಬೇಸಾಯದ ಮೇಲೆ ಗಣಿ, ಗಣಿಯ ಮೇಲೆ ರಾಜ್ಯಾಧಿಕಾರ ಒಂದರ ಮೇಲೊಂದಾಗಿ ಕುಳಿತು, ಕೆಳಗಿನದನ್ನು ಉಳಿಸಿಕೊಂಡೇ ಅದರ ಫಲದಲ್ಲಿ ಪಾಲು ಪಡೆದುವು. ಪಶುಪಾಲನೆ ಎಂದೂ ಅಳಿಯಲಿಲ್ಲ. ಲಿಂಗಸುಗೂರು ಕಡೆಯ ದೊಡ್ಡಿಗಳೆಂಬ ಸಣ್ಣ ವಸತಿಗಳೂ, ಸುಗ್ಗಿಯ ನಂತರ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಪಡೆಯುವ ಪದ್ಧತಿಯೂ ಇಂದಿಗೂ ಇವೆ. ಇವನ್ನು ನವಶಿಲಾಯುಗದಿಂದ ಅವಿಚ್ಛಿನ್ನವಾಗಿ ಬಂದವೆಂದು ಸಾಧಿಸುವುದು ಕಠಿನ. ಒಂದೇ ನೆಲ ಮತ್ತು ಒಂದೇ ಮಳೆ ಒಂದೇ ಬಗೆಯ ಉಪಾಯವನ್ನು ಮತ್ತೆ ಮತ್ತೆ ಕಲಿಸಿರಲೂಬಹುದು.

ವರ್ತಮಾನ ಸ್ಥಿತಿ

ಮಸ್ಕಿಯ ಅಶೋಕ ಶಾಸನ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿದುವು. ಹಟ್ಟಿಯಲ್ಲಿ 1947ರಲ್ಲಿ ಸ್ಥಾಪಿತವಾದ ಕಂಪನಿಯ ಮೂಲಕ ಚಿನ್ನದ ಗಣಿಗಾರಿಕೆ ಮುಂದುವರಿದಿದೆ. ಬೂದಿದಿಬ್ಬಗಳ ಸ್ಥಿತಿ ಮಾತ್ರ ಶೋಚನೀಯ: ಬೂದಿಯನ್ನು ಹೊಲಕ್ಕೂ ರಸ್ತೆಗೂ ಬಗೆದು ಸಾಗಿಸಿದುದರಿಂದ ಹಲವು ನಾಮಾವಶೇಷವಾಗಿವೆ, ಬಳ್ಳಾರಿ ಕಡೆಯ ಗುಡ್ಡಗಳಲ್ಲಿ ಕಲ್ಲುಗಣಿಗಳಿಂದ ಚಿತ್ರಗಳುಳ್ಳ ಬಂಡೆಗಳೂ ಒಡೆದುಹೋಗಿವೆ. ತುಂಗಭದ್ರಾ ಎಡದಂಡೆ ನಾಲೆಯ ನೀರು 1950ರ ದಶಕದಿಂದ ಸಿಂಧನೂರು ಸೀಮೆಗೆ ಹರಿದ ಮೇಲೆ ಎರೆಹೊಲಗಳನ್ನು ಸಮತಟ್ಟುಗೊಳಿಸಿ ಭತ್ತದ ಗದ್ದೆಗಳಾಗಿ ಮಾಡಿದುದರಿಂದ, ಮೇಲ್ಪದರದಲ್ಲಿದ್ದ ಪ್ರಾಚೀನ ವಸತಿಗಳ ಕುರುಹುಗಳು ಅಲ್ಲಿ ಬಹುಮಟ್ಟಿಗೆ ಕದಡಿವೆ. ನಾಲೆ ಮುಟ್ಟದ ಗುಡ್ಡದ ತಪ್ಪಲುಗಳಲ್ಲಿ ಅವು ಹೆಚ್ಚು ಉಳಿದಿವೆ. 2010ರ ನಂತರ ಪೀಟರ್ ಜೊಹಾನ್ಸೆನ್ ಮತ್ತು ಆಂಡ್ರ್ಯೂ ಬಾಯರ್ ಮಸ್ಕಿಯ ಸುತ್ತಣ ಪ್ರದೇಶವನ್ನು ಅಡಿಯಡಿಯಾಗಿ ನಡೆದು ಸರ್ವೇಕ್ಷಣ ಮಾಡಿ, ಊರು, ಸಮಾಧಿ, ಲೋಹಕಾರ್ಯದ ಸ್ಥಳ, ಜಲಾಶಯ ಇವುಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸುವ ಕಾರ್ಯವನ್ನು ಕೈಗೊಂಡಿದ್ದಾರೆ.